ಎರಡು ಸೆಕೆಂಡಿನ ಟೆಂಟು

ನಾಗಪುರದ ಝೀರೋ ಮೈಲ್ ಕಂಬವನ್ನು ನೋಡದವರು ಒಮ್ಮೆ ನೋಡಬೇಕು. ದೇಶವನ್ನೆಲ್ಲ ಸರಪಳಿ ಹಿಡಿದು ಅಳೆದ ಬ್ರಿಟಿಷರು ಬಿಟ್ಟುಹೋದ ಕಲ್ಲುಕಂಬ. ಪಕ್ಕದಲ್ಲಿ ನಾಲ್ಕು ಕುದುರೆ. ಕಂಬದ ಮೈಮೇಲೆ ಯಾವ ಊರು ಎಷ್ಟು ಮೈಲಿ ಎಂದು ಕೊರೆದಿದ್ದಾರೆ. ಹೈದರಾಬಾದ್ 318, ಜಬ್ಬಲ್ಪುರ 170, ಆಮೇಲೆ ಸಿವನಿ, ಛಿಂದವಾಡ, ಬೈತೂಲ್, ಚಾಂದಾ. ಇವುಗಳಲ್ಲಿ ಒಂದೂರಿಗೂ ಸಮುದ್ರವಿಲ್ಲ. ಇಲ್ಲಿಂದ ಹೊರಟ ಮನುಷ್ಯ ಕಡಲು ಕಾಣಲು ಆಸೆಪಟ್ಟಾನು ಎಂಬ ಅನುಮಾನವೇ ಆ ಕಂಬ ನೆಟ್ಟವರಿಗೆ ಬಂದ ಹಾಗಿಲ್ಲ.

ನನಗೆ ಆ ಆಸೆ ಹತ್ತಿಸಿದ್ದು ಮನೀಶ್ ನಗರದ ರೈಲ್ವೆ ಗೇಟು. 2020ರಲ್ಲಿ ಮೇಲ್ಸೇತುವೆ ಆಗುವ ತನಕ ನಮ್ಮ ಬಡಾವಣೆಯವರ ಆಯುಷ್ಯದ ಒಂದು ಭಾಗ ಆ ಗೇಟಿನ ಮುಂದೆ ಕಳೆದಿದೆ. ಸ್ಕೂಟರ್ ಆರಿಸಿ, ಒಂದು ಕಾಲು ನೆಲಕ್ಕೂರಿ ನಿಲ್ಲಬೇಕು. ಎದುರಿಗೆ ರೈಲು ಹೋಗುತ್ತದೆ. ಚೆನ್ನೈಗೆ ಒಂದು, ಮುಂಬೈಗೆ ಒಂದು. ಹಲ್ಲುಜ್ಜಿದ ಮುಖ, ಉಜ್ಜದ ಮುಖ, ಕಿಟಕಿಯಲ್ಲಿ ಒಣಗುವ ಟವೆಲು, ಎಲ್ಲವೂ ಒಂದಲ್ಲ ಒಂದು ಸಮುದ್ರದ ಕಡೆಗೆ. ನಾನು ಮಾತ್ರ ಅರ್ಧ ಕೇಜಿ ಮೆಂತ್ಯೆ ಸೊಪ್ಪು ಹಿಡಿದು ಬೇಸಾ ರಸ್ತೆಯ ಕಡೆಗೆ. ವರ್ಷಗಟ್ಟಲೆ ಹೀಗೆ ನಿಂತ ಮನುಷ್ಯನ ತಲೆಯೊಳಗೆ ಏನೋ ಸಡಿಲಾಗುವುದು ಸಹಜ.

ನನ್ನ ಹೆಂಡತಿಗೆ ಈ ಕಾಯಿಲೆ ಇಲ್ಲ. ಅವಳದು ಕುಂದಾಪುರದ ಉತ್ತರಕ್ಕೆ ನಾವುಂದ. ಸಮುದ್ರವೆಂದರೆ ಅವಳ ಪ್ರಕಾರ ತಗಡಿನ ಕಪಾಟಿಗೆ ತುಕ್ಕು ಹಿಡಿಸುವ, ಒಣಹಾಕಿದ ಬಟ್ಟೆಗೆ ಅಂಟು ಹತ್ತಿಸುವ, ಮಳೆಗಾಲದಲ್ಲಿ ರಾತ್ರಿಯೆಲ್ಲ ಅಬ್ಬರಿಸಿ ನಿದ್ದೆ ಕೆಡಿಸುವ ಒಂದು ನೆರೆಮನೆ. ಕರಾವಳಿಯುದ್ದಕ್ಕೂ ಕಾರಿನಲ್ಲಿ ಹೋಗುತ್ತ, ಅಂಕೋಲೆಯಿಂದ ಮಲ್ಪೆಯವರೆಗೆ ಎಲ್ಲಿ ಕತ್ತಲಾಯಿತೋ ಅಲ್ಲಿ ಟೆಂಟು ಹಾಕಿ ಮಲಗೋಣ ಎಂದು ನಾನು ಹೇಳಿದಾಗ ಅವಳು ಕೇಳಿದ್ದು ಎರಡು ಪ್ರಶ್ನೆ. ಸಮುದ್ರವೇ ಬೇಕೆಂದರೆ ವಿಶಾಖಪಟ್ಟಣ ಹತ್ತಿರ ಅಲ್ಲವೇ? ಮತ್ತು, ನೆಲದ ಮೇಲೆ ಮಲಗುವುದಕ್ಕೆ ಸಾವಿರ ಕಿಲೋಮೀಟರು ಯಾಕೆ ಹೋಗಬೇಕು, ಹಾಲ್‌ನಲ್ಲಿ ಜಾಗ ಇದೆಯಲ್ಲ?

ಉತ್ತರ ಕೊಡುವ ಬದಲು ನಾನು ಟೆಂಟು ತರಿಸಿಕೊಂಡೆ.

ಅದು ಸಾಮಾನ್ಯ ಟೆಂಟಲ್ಲ. ಎರಡೇ ಸೆಕೆಂಡಿನಲ್ಲಿ ತಾನಾಗಿ ಎದ್ದು ನಿಲ್ಲುವಂಥದ್ದು. ಕಂಬ ಕೂಡಿಸುವುದು, ಕೊಳವೆ ತೂರಿಸುವುದು, ಏನೂ ಬೇಡ. ಬಟ್ಟೆಯ ಅಂಚಿನೊಳಗೆ ಸ್ಪ್ರಿಂಗಿನ ಉಕ್ಕಿನ ಬಳೆಗಳನ್ನು ಹೊಲಿದಿರುತ್ತಾರೆ. ಅವನ್ನು ತಿರುಚಿ ಚಪ್ಪಟೆ ಮಾಡಿ, ಒಂದು ಎಲಾಸ್ಟಿಕ್ ಪಟ್ಟಿಯಲ್ಲಿ ಕಟ್ಟಿಹಾಕಿ, ದುಂಡನೆಯ ಚೀಲದಲ್ಲಿ ತುಂಬಿರುತ್ತಾರೆ. ಪಟ್ಟಿ ಬಿಚ್ಚಿದರೆ ಬಳೆಗಳಿಗೆ ಸ್ವಾತಂತ್ರ್ಯ. ನಮ್ಮ ಅಪಾರ್ಟ್‌ಮೆಂಟಿನ ತಾರಸಿಯ ಮೇಲೆ ಒಂದು ಭಾನುವಾರ ಇದರ ಪ್ರಾತ್ಯಕ್ಷಿಕೆ ನಡೆಯಿತು. ಬಿಚ್ಚಿದ್ದು ಎರಡೇ ಸೆಕೆಂಡು, ಸುಳ್ಳಿಲ್ಲ. ಮೂರನೇ ಮಹಡಿಯ ಕಾಕೂ ಒಣಹಾಕಿದ್ದ ಆವಳಾ ಸುಪಾರಿಯ ತಟ್ಟೆ ಅದರ ಹೊಡೆತಕ್ಕೆ ನೀರಿನ ಟಾಕಿಯ ಆಚೆಗೆ ಹೋಯಿತು. ವಾಚ್‌ಮನ್ ಓಡಿಬಂದು, 'ಕಾಯ್ ಕರೂನ್ ರಾಹಿಲೇ ಭಾವು?' ಎಂದು ಕೇಳಿದ. ಸಮುದ್ರಕ್ಕೆ ಹೊರಟಿದ್ದೇನೆ ಎಂದೆ. ಅವನು ತಾರಸಿಯಿಂದ ನಾಲ್ಕೂ ದಿಕ್ಕು ನೋಡಿ ಸುಮ್ಮನಾದ.

ಮಡಚುವುದಕ್ಕೆ ಮಾತ್ರ ಕಂಪನಿಯವರು ಸೆಕೆಂಡಿನ ಲೆಕ್ಕ ಕೊಟ್ಟಿರಲಿಲ್ಲ. ನಾನೂ ವಾಚ್‌ಮನ್ನೂ ಸೇರಿ ದೀಪ ಹಚ್ಚುವ ಹೊತ್ತಿನ ತನಕ ಅದರ ಜೊತೆ ಗುದ್ದಾಡಿ, ಹೇಗೋ ತಿರುಚಿ ಎಲಾಸ್ಟಿಕ್ ಸಿಕ್ಕಿಸಿದೆವು. ಚೀಲದ ಜಿಪ್ ಮುಚ್ಚಲಿಲ್ಲ. ಮುಚ್ಚದಿದ್ದರೇನಂತೆ, ಎಲಾಸ್ಟಿಕ್ ಗಟ್ಟಿ ಇದೆ ಎಂದುಕೊಂಡು ಕೆಳಗಿಳಿದೆವು.

ಡಿಸೆಂಬರಿನಲ್ಲಿ ಹೊರಟೆವು. ಮಹಾರಾಷ್ಟ್ರದ ಸರ್ಕಾರ ಚಳಿಗಾಲದ ಅಧಿವೇಶನಕ್ಕೆಂದು ಮುಂಬೈಯ ಸಮುದ್ರ ಬಿಟ್ಟು ನಾಗಪುರಕ್ಕೆ ಬರುವುದೂ ಆಗಲೇ. ಹೋಟೆಲುಗಳೆಲ್ಲ ಭರ್ತಿ, ವಾರ್ಧಾ ರಸ್ತೆಯಲ್ಲಿ ಕೆಂಪು ದೀಪದ ಕಾರುಗಳ ಕಾಲ ಹೋದರೂ ಸೈರನ್ ಹೋಗಿಲ್ಲ. ಸರ್ಕಾರವೇ ಸಮುದ್ರದಿಂದ ಇಲ್ಲಿಗೆ ಬರುವುದಾದರೆ ಇಲ್ಲಿಂದ ಒಬ್ಬನಾದರೂ ಸಮುದ್ರಕ್ಕೆ ಹೋಗುವುದು ನ್ಯಾಯವೇ.

ನಮ್ಮ ವ್ಯಾಗನ್ ಆರ್‌ನ ಡಿಕ್ಕಿಯಲ್ಲಿ ಗ್ಯಾಸಿನ ಚಿಕ್ಕ ಒಲೆ, ಮಡಚುವ ಕುರ್ಚಿ, ನೀರಿನ ಕ್ಯಾನು, ಬೀಗರಿಗೆಂದು ಒಂದು ಪೆಟ್ಟಿಗೆ ಸಂತ್ರಾ, ಎರಡು ಡಬ್ಬಿ ಸಂತ್ರಾ ಬರ್ಫಿ, ಮತ್ತು ಅವ್ವನ ಗಂಟು. ಅವ್ವ ಕ್ಯಾಂಪಿಂಗಿಗೆ ಬಂದವಳಲ್ಲ. ಧಾರವಾಡದ ತನಕ ಜೊತೆ, ಅಲ್ಲಿ ತಮ್ಮನ ಮನೆಯಲ್ಲಿ ಇಳಿದು ನಾವು ವಾಪಸು ಬರುವ ತನಕ ಇರುವುದು ಅವಳ ಕಾರ್ಯಕ್ರಮ. ಡಿಕ್ಕಿಯಲ್ಲಿ ಜಾಗ ಸಾಲದೆ ಟೆಂಟಿನ ಚಕ್ರ ಹಿಂದಿನ ಸೀಟಿಗೆ ಬಂತು. ಒಂದು ಪಕ್ಕಕ್ಕೆ ಅವ್ವ, ಇನ್ನೊಂದು ಪಕ್ಕಕ್ಕೆ ಮಗ, ನಡುವೆ ಅದು.

ದಾರಿಯ ಬಗ್ಗೆ ನನಗೆ ಸ್ವಲ್ಪ ಅಭಿಮಾನ. ಬುಟಿಬೋರಿಯಲ್ಲಿ ರಾಷ್ಟ್ರೀಯ ಹೆದ್ದಾರಿ 361 ಹಿಡಿದರೆ ವಾರ್ಧಾ, ಯವತಮಾಳ, ನಾಂದೇಡ, ಲಾತೂರ್ ದಾಟಿಸಿ ತುಳಜಾಪುರದಲ್ಲಿ ಬಿಡುತ್ತದೆ. ಅಲ್ಲಿ 52ನೇ ಹೆದ್ದಾರಿ. ಈ 52 ಎಂಬುದು ಪಂಜಾಬಿನ ಸಂಗರೂರಿನಲ್ಲಿ ಹುಟ್ಟಿ, ಜೈಪುರ, ಇಂದೋರ್, ಧುಳೆ, ಸೊಲ್ಲಾಪುರ, ವಿಜಯಪುರ, ಹುಬ್ಬಳ್ಳಿ ಎಂದು ಅರ್ಧ ದೇಶ ಇಳಿದು ಅಂಕೋಲೆಯಲ್ಲಿ ಕೊನೆಯಾಗುತ್ತದೆ. ಗೋದಿ ಹೊಲದಲ್ಲಿ ಹುಟ್ಟಿದ ರಸ್ತೆಗೇ ಉಪ್ಪಿನಾಗರದ ತನಕ ಹೋಗುವ ಹಟವಿರಬೇಕಾದರೆ ನನ್ನದೇನು ಹೆಚ್ಚು ಎಂದು ಹೆಂಡತಿಗೆ ವಿವರಿಸಿದೆ. ಅವಳು ಕಿತ್ತಳೆ ಸುಲಿಯುತ್ತಿದ್ದಳು.

ಸೊಲ್ಲಾಪುರ ದಾಟಿ, ಮಂದ್ರೂಪವನ್ನೂ ದಾಟಿದೆವು. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು, ಒಂದೊಂದಕ್ಕೂ ಎರಡೆರಡು ಟ್ರೇಲರು. ಬೋರ್ಡುಗಳೆಲ್ಲ ಮರಾಠಿ, ಮಾತೆಲ್ಲ ಕನ್ನಡ. ಹಿಂದಿನ ಸೀಟಿನಲ್ಲಿ ಅವ್ವ ಚಿವಡಾದ ಪೊಟ್ಟಣ ಒಡೆದಿದ್ದಳು. ತಿಂದು ಮಿಕ್ಕಿದ್ದು ಮೆತ್ತಗಾಗಬಾರದು, ಬಾಯಿ ಕಟ್ಟಬೇಕು, ಕಟ್ಟುವುದಕ್ಕೆ ಒಂದು ರಬ್ಬರು ಬೇಕು. ಪಕ್ಕದ ಚೀಲದ ತೆರೆದ ಜಿಪ್ಪಿನಲ್ಲಿ ಒಂದು ಒಳ್ಳೆಯ, ಅಗಲವಾದ, ಹೊಸ ಎಲಾಸ್ಟಿಕ್ ಅವಳ ಕಣ್ಣಿಗೆ ಬಿತ್ತು.

ಕಾರಿನ ಕನ್ನಡಿಯಲ್ಲಿ ಆ ತನಕ ಅವ್ವ ಕಾಣುತ್ತಿದ್ದಳು. ಆಮೇಲೆ ಕನ್ನಡಿಯಲ್ಲಿ ನೀಲಿ ಬಣ್ಣ ಮಾತ್ರ ಕಂಡಿತು.

ಢಪ್ ಎಂದು ಒಂದು ಸದ್ದು. ನನ್ನ ತಲೆಯ ಹಿಂಭಾಗವನ್ನು ಏನೋ ಒತ್ತಿ ಮುಂದಕ್ಕೆ ದೂಡಿತು. ಕನ್ನಡಕ ಡ್ಯಾಶ್‌ಬೋರ್ಡಿಗೆ ಹೋಯಿತು. ಕಣ್ಣು ಮಂಜಾಗಿದ್ದರೂ ಬ್ರೇಕು ಸಿಕ್ಕಿತು. ಗಾಡಿಯನ್ನು ಹೊಲದ ಅಂಚಿಗೆ ತಂದು ನಿಲ್ಲಿಸಿದ ಮೇಲೆ ಒಳಗೆ ಸ್ವಲ್ಪ ಹೊತ್ತು ಚಿವಡಾ ಉದುರುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಆಮೇಲೆ ನೀಲಿಯ ಆಳದಿಂದ ಅವ್ವನ ದನಿ ಬಂತು.

'ತಮ್ಮಾ, ನಾ ಎಲ್ಲದೀನೋ?'

ಮಗ ಇನ್ನೊಂದು ತುದಿಯಿಂದ, 'ಅಜ್ಜೀ, ಹಲೂ ನಕಾ! ಟೆಂಟ್ ಫಾಟೇಲ್!' ಎಂದು ಕೂಗಿದ. ಅಜ್ಜಿಯ ಗತಿಗಿಂತ ಟೆಂಟು ಹರಿಯುವುದೇ ಅವನಿಗೆ ಚಿಂತೆ. ಅವನು ನನ್ನ ಮಗ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಟೆಂಟಿನ ಜೊತೆ ಬಂದ ಸೂಚನೆಯ ಹಾಳೆಯಲ್ಲಿ ಬರೆದಿತ್ತು: ವಿಶಾಲವಾದ ಸಮತಟ್ಟು ಜಾಗ ಆರಿಸಿ, ಪಟ್ಟಿ ಬಿಚ್ಚಿ, ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲಿ. ವ್ಯಾಗನ್ ಆರ್ ಎತ್ತರದ ಗಾಡಿ ನಿಜ, ಆದರೆ ಎರಡು ಹೆಜ್ಜೆ ಹಿಂದೆ ಸರಿಯುವ ಸೌಲಭ್ಯ ಅದರಲ್ಲಿಲ್ಲ. ಮೂವರು ಮಲಗುವ ಟೆಂಟು ಇಬ್ಬರು ಕೂತ ಸೀಟಿನಲ್ಲಿ ಎದ್ದು ನಿಲ್ಲಲು ಹೋಗಿ, ಮೇಲೆ ಚಾವಣಿ ತಡೆದದ್ದರಿಂದ ಕೆಳಗೂ ಪಕ್ಕಕ್ಕೂ ಬೆಳೆದಿತ್ತು. ನಾನು ಹಿಂದಿನ ಬಾಗಿಲು ತೆರೆದೆ. ಅಷ್ಟಕ್ಕೇ ಕಾಯುತ್ತಿದ್ದ ಬಟ್ಟೆ ಒಂದು ಮೊಳ ಹೊರಗೆ ಬಂದು ನನ್ನ ಎದೆಗೆ ಒತ್ತಿ ನಿಂತಿತು. ಅವ್ವ ಅದರ ಹಿಂದೆಲ್ಲೋ ಸೀಟ್ ಬೆಲ್ಟಿನಲ್ಲಿ ಬಂದಿ. ಆ ಬಾಗಿಲು ಮುಚ್ಚಿ ಈ ಕಡೆಯದು ತೆರೆದೆ. ಅಲ್ಲಿ ಒಂದು ಮೊಳ ಹೊರಬಂತು, ಜೊತೆಗೆ ಮಗನ ಒಂದು ಕಾಲು. ಎಳೆದೆ. ಮಗ ಬಂದ, ಅವನ ಚಪ್ಪಲಿ ಬರಲಿಲ್ಲ.

ಹೆಂಡತಿ ಮುಂದಿನ ಸೀಟಿನಲ್ಲಿ ಕೂತು ಎದುರಿನ ರಸ್ತೆ ನೋಡುತ್ತಿದ್ದಳು. ಹಿಂದೆ ತಿರುಗಲಿಲ್ಲ. ತಿರುಗಿ ನೋಡಿದರೆ ಇದು ತನ್ನ ಸಂಸಾರ ಎಂದು ಒಪ್ಪಿದ ಹಾಗಾಗುತ್ತದೆ. ಕಿತ್ತಳೆಯ ಇನ್ನೊಂದು ತೊಳೆ ಬಾಯಿಗೆ ಹಾಕಿಕೊಂಡಳು.

ಜನ ಸೇರಿದರು. ಮೊದಲು ನಿಂತದ್ದು ಕಬ್ಬಿನ ಟ್ರ್ಯಾಕ್ಟರು. ಡ್ರೈವರ್ ಡೆಕ್ಕಿನ ಹಾಡು ಬಂದ್ ಮಾಡಿ ಇಳಿದು ಬಂದು, 'ಯಾಕ್ರಿ ಸಾಹೇಬ್ರ, ಏನಾಗೇತ್ರಿ' ಎಂದ. ಹೇಳಿದೆ. ಅವನಿಗೆ ನಂಬಿಕೆ ಬರಲಿಲ್ಲ, ಕಿಟಕಿಗೆ ಮುಖ ಹಚ್ಚಿ ನೋಡಿದ. ಹಾಲಿನ ಕ್ಯಾನು ಕಟ್ಟಿದ ಬೈಕಿನವನೊಬ್ಬ ನಿಂತು, 'ಗಾಳಿ ಬಿಡ್ರಿ, ಸಣ್ಣದಾಗತೈತಿ' ಎಂದು ಸಲಹೆ ಕೊಟ್ಟು ಜೇಬಿನಿಂದ ಚಾಕು ತೆಗೆದ. ಇದರಲ್ಲಿ ಗಾಳಿ ಇಲ್ಲ ಎಂದೆ. 'ಗಾಳಿ ಇಲ್ಲದ ಹ್ಯಾಂಗ ಉಬ್ಬೇತ್ರಿ?' ಪ್ರಶ್ನೆ ಸರಿಯಾದದ್ದೇ. ಅವ್ವ ಒಳಗಿರುವಾಗಲೇ ನಾನು ರಸ್ತೆಯ ಅಂಚಿನಲ್ಲಿ ನಿಂತು ಉಕ್ಕಿನ ಬಳೆಯ ಸ್ಥಿತಿಸ್ಥಾಪಕತೆಯನ್ನು ಅವನಿಗೆ ವಿವರಿಸಿದೆ. ಅವನು ಪೂರ್ತಿ ಕೇಳಿ, 'ಅಂದ್ರ ಗಾಳಿ ಇಲ್ಲ' ಎಂದು ಚಾಕು ಒಳಗಿಟ್ಟ.

ಇಷ್ಟರಲ್ಲಿ ಮಗ ಒಂದು ಶೋಧ ಮಾಡಿದ್ದ. ಟೆಂಟಿನ ಪಕ್ಕದಲ್ಲಿ ಸೊಳ್ಳೆಬಲೆಯ ಚಿಕ್ಕ ಕಿಟಕಿಯಿದೆಯಲ್ಲ, ಅದು ತಿರುಗಿ ತಿರುಗಿ ಸರಿಯಾಗಿ ಅವ್ವನ ಎದುರಿಗೇ ಬಂದಿತ್ತು. ಕಾರಿನ ಗಾಜು ಇಳಿಸಿ, ಕೈ ತೂರಿಸಿ, ಅವನು ಅದರ ಜಿಪ್ ಎಳೆದ. ನೀಲಿ ಪರದೆ ಸರಿದು ಅವ್ವ ಕಾಣಿಸಿಕೊಂಡಳು. ಹಣೆಯ ಮೇಲೆ ಕುಂಕುಮ, ಮೂಗಿನಲ್ಲಿ ನತ್ತು, ತಲೆಯ ಮೇಲೆ ಇಳಕಲ್ ಸೀರೆಯ ಸೆರಗು, ಸುತ್ತ ನೀಲಿ ಗೋಪುರ. ಜಾತ್ರೆಯ ದಿನ ಪಲ್ಲಕ್ಕಿಯಲ್ಲಿ ಕೂರಿಸಿದ ಉತ್ಸವಮೂರ್ತಿಯೇ. ನಾನು ಕಟ್ಟಿ ಹೇಳುತ್ತಿಲ್ಲ. ಪಂಢರಪುರಕ್ಕೆ ಹೊರಟ ಹೆಂಗಸರ ಟೆಂಪೊ ಒಂದು ಜನ ಸೇರಿದ್ದು ನೋಡಿ ನಿಧಾನ ಮಾಡಿತ್ತು, ಅದರಲ್ಲಿದ್ದ ಒಬ್ಬ ಮುದುಕಿ ಅವ್ವನನ್ನು ಕಂಡು ಕೈ ಮುಗಿದಳು. ಅವ್ವ ಬಲೆಯ ಆಚೆಯಿಂದಲೇ ತಿರುಗಿ ಕೈ ಮುಗಿದಳು. ಆಮೇಲೆ ನನ್ನ ಕಡೆ ನೋಡಿ, 'ಏನೋ ಇದು, ನಾಟಕ ಕಂಪನಿ ಡೇರೆ ತಂದೀಯಲ್ಲೋ ಗಾಡ್ಯಾಗ. ಕಲಾವಿದರು ಎಲ್ಲಿ ಅದಾರ?' ಎಂದಳು. ನಾನು ಸುತ್ತ ನೋಡಿದೆ. ಕಲಾವಿದರ ಕೊರತೆ ಇರಲಿಲ್ಲ.

ಫೋನಿನಲ್ಲಿ ಮಡಚುವ ವಿಡಿಯೊ ಹಾಕಿದೆವು. ಅದರಲ್ಲಿ ಒಬ್ಬ ನಗುಮುಖದ ತರುಣ ಹುಲ್ಲುಹಾಸಿನ ಮೇಲೆ ನಿಂತು, ಮೇಲಿನ ಬಳೆ ಹಿಡಿದು, ಎಂಟರ ಆಕಾರಕ್ಕೆ ತಿರುಚಿ, ಒಂದರ ಮೇಲೊಂದು ಬೀಳಿಸಿ, ಚೀಲಕ್ಕೆ ಹಾಕಿ ಕೈ ಬೀಸುತ್ತಾನೆ. ಟ್ರ್ಯಾಕ್ಟರಿನವನು, ಹಾಲಿನವನು, ನಾನು ಮೂವರೂ ಸೇರಿ ಮೂರು ಬೇರೆ ಬೇರೆ ಎಂಟು ತಿರುಚಿದೆವು. ಕಾರಿನ ಒಳಗೆ ಅರ್ಧ, ಹೊರಗೆ ಅರ್ಧ ಇರುವ ವಸ್ತುವಿಗೆ ಮೇಲಿನ ಬಳೆ ಯಾವುದು? ಒಂದು ಕಡೆ ಅದುಮಿದರೆ ಇನ್ನೊಂದು ಕಡೆ ಏಳುತ್ತಿತ್ತು. ಆ ಏಟಿಗೆ ಒಮ್ಮೆ ಹಾಲಿನವನ ಟೋಪಿ ಹೊಲಕ್ಕೆ ಹಾರಿತು. ಒಳಗಿನಿಂದ ಅವ್ವ, 'ಎಡಕ್ಕ ಒತ್ರಿ, ಎಡಕ್ಕ' ಎಂದು ನಿರ್ದೇಶನ ಕೊಡುತ್ತಿದ್ದಳು. ಅವಳ ಎಡ ನಮ್ಮ ಬಲ.

ಹೊಲದ ಆ ಬದಿಯಲ್ಲಿ ಕುರಿ ಬಿಟ್ಟುಕೊಂಡು ಒಬ್ಬ ಧನಗರ ಕೂತಿದ್ದ. ಹೆಗಲಿಗೆ ಕಂಬಳಿ, ಕೈಯಲ್ಲಿ ಕೋಲು. ಬಹಳ ಹೊತ್ತಿನಿಂದ ನೋಡುತ್ತಿದ್ದವನು ಎದ್ದು ಬಂದು ಇದು ಯಾತಕ್ಕೆ ಎಂದು ಕೇಳಿದ. ಬಯಲಿನಲ್ಲಿ ಮಲಗುವುದಕ್ಕೆ ಎಂದೆ. ಎಷ್ಟು ಕೊಟ್ಟಿರಿ ಎಂದ. ಹೇಳಿದೆ. ಮಲಗುವ ಜಾಗಕ್ಕೂ ದುಡ್ಡು ಕೊಡಬೇಕೇ ಎಂದ. ಕೆಲವು ಕಡೆ ಕೊಡಬೇಕು ಎಂದೆ. ಅವನು ತನ್ನ ಕುರಿಗಳ ಕಡೆ ಒಮ್ಮೆ ನೋಡಿದ.

'ನಾ ಹೊಲದಾಗ ಕುರಿ ತರುಬಿ ರಾತ್ರಿ ಮಲಗಿದ್ರ ಹೊಲದ ಗೌಡ ನನಗ ರೊಕ್ಕ ಕೊಡ್ತಾನ್ರಿ, ಇಲ್ಲಾ ಜ್ವಾಳ ಕೊಡ್ತಾನ. ನೀವು ಮಲಗಾಕ ನೀವ ಕೊಡ್ತೀರಿ?'

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಕುರಿಗೊಬ್ಬರಕ್ಕೆ ಬೆಲೆಯಿದೆ. ನಾನು ಒಂದು ಹೊಲದಲ್ಲಿ ರಾತ್ರಿ ಕಳೆದರೆ ಆ ಹೊಲಕ್ಕೇನು ಲಾಭ ಎಂದು ಯಾರಾದರೂ ಕೇಳಿದರೆ ತೋರಿಸಲು ಏನಿದೆ? ಅವನೇ ಉಪಾಯವನ್ನೂ ಹೇಳಿದ. ಬಿಚ್ಚಿಕೊಂಡದ್ದನ್ನು ಯಾಕೆ ಮಡಚುತ್ತೀರಿ, ಬಾಗಿಲಿದೆಯಲ್ಲ, ಒಳಗೆ ಹೋಗಿ ಕೂತುಬಿಡಿ.

ಹಾಗೇ ಮಾಡಿದೆವು. ಟೆಂಟಿನ ಬಾಗಿಲನ್ನು ಕಾರಿನ ಬಾಗಿಲಿಗೆ ಸರಿಹೊಂದಿಸಿ ತಿರುಗಿಸಿದೆವು, ಅವ್ವ ಬೆಲ್ಟು ಬಿಚ್ಚಿ ಒಮ್ಮೆ ಇಳಿದು ಸೊಂಟ ನೆಟ್ಟಗೆ ಮಾಡಿಕೊಂಡು ಟೆಂಟಿನೊಳಗೆ ಹೋಗಿ ಕೂತಳು, ಪಕ್ಕದಲ್ಲಿ ಮೊಮ್ಮಗ ಕೂತ, ಜಿಪ್ ಎಳೆದುಕೊಂಡರು. ಹೀಗೆ ನಮ್ಮ ಅವ್ವ ಡೇರೆಯೊಳಗೆ ಆಸೀನಳಾಗಿ ಭೀಮಾ ನದಿ ದಾಟಿ ಕರ್ನಾಟಕವನ್ನು ಪ್ರವೇಶಿಸಿದಳು. ದಾರಿಯಲ್ಲಿ ಒಬ್ಬ ಪೊಲೀಸಿನವನು ಕೈ ಅಡ್ಡ ಮಾಡಿ, ಬಗ್ಗಿ ನೋಡಿ, 'ಒಳಗ ಯಾರದಾರ?' ಎಂದ. ನಾನು ಬಾಯಿ ತೆರೆಯುವ ಮೊದಲೇ ಜಿಪ್ ಸರಿದು ಅವ್ವನ ಮುಖ ಬಂತು. 'ನಾ ಅದೀನಪಾ. ಧಾರವಾಡಕ್ಕ ಹೊಂಟೀನಿ.' ಜಿಪ್ ಮುಚ್ಚಿತು. ಅವನು ಹಿಂದೆ ಸರಿದು ಕೈ ಬೀಸಿದ. ಒಳಗೆ ಬೆಚ್ಚಗಿದೆ, ಧೂಳಿಲ್ಲ ಎಂದು ಅವ್ವ ಕೊಲ್ಹಾರದ ಸುಮಾರಿಗೆ ಮಲಗಿದವಳು ಹುಬ್ಬಳ್ಳಿಯ ದೀಪ ಕಾಣುವ ತನಕ ಏಳಲಿಲ್ಲ. ನನ್ನ ಟೆಂಟಿನಲ್ಲಿ ಸುಖನಿದ್ರೆ ಎಂಬುದೊಂದಿದ್ದರೆ ಅದು ಅದೇ.

ಧಾರವಾಡದಲ್ಲಿ ಸೋದರಮಾವನ ಮೊಮ್ಮಗ, ಇಂಜಿನಿಯರಿಂಗ್ ಓದುವವನು, ಅದನ್ನು ಮಡಚಿದ. ಚೀಲದ ಬಾಯಿಗಿಂತ ಅದು ಒಂದು ಗೇಣು ದೊಡ್ಡದಾಗಿ ಉಳಿದದ್ದರಿಂದ ದನದ ಹಗ್ಗದಿಂದ ಬಿಗಿದ. ಅವ್ವ ಆಗಲೇ ಓಣಿಯವರಿಗೆ ಕಥೆ ಶುರು ಮಾಡಿದ್ದಳು. ಅವಳ ಕಥೆಯಲ್ಲಿ ಟೆಂಪೊದ ಹೆಂಗಸರೆಲ್ಲ ಇಳಿದು ಬಂದು ಕಾಲಿಗೆ ಬಿದ್ದಿದ್ದರು.

ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದರೆ ಅಂಕೋಲೆ. ಅಲ್ಲಿ 66ನೇ ಹೆದ್ದಾರಿ ಹಿಡಿದು ದಕ್ಷಿಣಕ್ಕೆ. ನನ್ನ ಪಟ್ಟಿಯಲ್ಲಿ 'ಗಂಗಾವಳಿ ದಂಡೆ, ಚಹಾ' ಎಂದು ಬರೆದುಕೊಂಡಿದ್ದೆ. ಎಡಕ್ಕೆ ನದಿಯೇ ರಸ್ತೆಗೆ ಅಂಟಿಕೊಂಡು ಬರುವ ಜಾಗ, ಕ್ಯಾಂಪಿಂಗ್ ಮಾಡುವವರು ಇಂಥದ್ದನ್ನೇ ಹುಡುಕುವುದು. ಹೆಂಡತಿ, 'ಇಲ್ಲಿ ನಿಲ್ಲಿಸಬೇಡಿ' ಎಂದಳು. ಇಡೀ ಪ್ರಯಾಣದಲ್ಲಿ ಅವಳು ನನಗೆ ಹಾಗೆ ಹೇಳಿದ್ದು ಅಲ್ಲೊಂದೇ. ಆಗ ಹೊಳೆಯಿತು, ಇದು ಶಿರೂರು. 2024ರ ಜುಲೈ 16ರ ಬೆಳಿಗ್ಗೆ, ಜೋರು ಮಳೆಯಲ್ಲಿ, ಹೆದ್ದಾರಿ ಅಗಲ ಮಾಡಲು ಕಡಿದು ನಿಲ್ಲಿಸಿದ್ದ ಗುಡ್ಡ ಜಾರಿ ಇದೇ ರಸ್ತೆಯ ಮೇಲೆ ಬಿದ್ದು ನದಿಗಿಳಿಯಿತು. ಲಾರಿಯವರು ನಿಲ್ಲಿಸಿ ಚಹಾ ಕುಡಿಯುತ್ತಿದ್ದ ಅಂಗಡಿ ಇತ್ತು. ಅಂಗಡಿಯೂ ಹೋಯಿತು, ಅದನ್ನು ನಡೆಸುತ್ತಿದ್ದ ಸಂಸಾರವೂ ಹೋಯಿತು. ಮಣ್ಣು ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಂಡೆಯ ಉಳುವರೆಯ ಮನೆಗಳ ಮೇಲೆ ನುಗ್ಗಿತು. ಕೇರಳದ ಡ್ರೈವರೊಬ್ಬನ ಲಾರಿ ನದಿಯೊಳಗಿಂದ ಮೇಲೆ ಬಂದದ್ದು ಸೆಪ್ಟೆಂಬರಿನಲ್ಲಿ, ಅವನು ಅದರೊಳಗೇ ಇದ್ದ. ನಾನು ನಾಗಪುರದಲ್ಲಿ ಕೂತು ಚಹಾಕ್ಕೆಂದು ಗುರುತು ಹಾಕಿದ ಜಾಗ ಅದೇ. ರಸ್ತೆಯ ಪಕ್ಕದ ಗುಡ್ಡಗಳ ಕೆಂಪು ಗಾಯ ನೋಡುತ್ತ, ಯಾರೂ ಮಾತಾಡದೆ, ಗಂಗಾವಳಿಯ ಸೇತುವೆ ದಾಟಿದೆವು. ಮಗ ಕಿಟಕಿಯ ಗಾಜು ಏರಿಸಿದ.

ಕುಮಟೆಯ ಆಚೆ ಈಚೆ ಒಂದು ಕಡೆ 'ಬೀಚ್ ಕ್ಯಾಂಪ್' ಎಂಬ ಫಲಕ ನೋಡಿ ಒಳಗೆ ಹೋದೆವು. ಗಾಳಿಮರಗಳ ಕೆಳಗೆ ಸಾಲಾಗಿ ಟೆಂಟುಗಳು, ಒಂದರ ಹಗ್ಗ ಇನ್ನೊಂದರ ಗೂಟಕ್ಕೆ ತಾಗುತ್ತಿತ್ತು. ಮಿಣಿಮಿಣಿ ದೀಪದ ಸರ, ಎದೆಗೂಡು ಅದುರಿಸುವ ಸ್ಪೀಕರು. ಬೆಂಕಿಯ ಸುತ್ತ ಕೂತ ತರುಣರು ಸಮುದ್ರಕ್ಕೆ ಬೆನ್ನು ಹಾಕಿ ಫೋನಿಗೆ ಮುಖ ಕೊಟ್ಟಿದ್ದರು. ಇವರ ಮೇಲೆ ನನಗೆ ಬಂದ ಸಿಟ್ಟು ವಯಸ್ಸಿನದ್ದು ಎಂದು ಹೆಂಡತಿ ಹೇಳುತ್ತಾಳೆ. ಇರಬಹುದು. ಆದರೆ ಸಮುದ್ರದ ಸದ್ದು ಮುಚ್ಚುವಷ್ಟು ಹಾಡು ಬೇಕೆಂದರೆ ಅದಕ್ಕೆ ಇಲ್ಲಿಯ ತನಕ ಯಾಕೆ ಬರಬೇಕು? ನಮ್ಮ ಸ್ವಂತ ಟೆಂಟು ಹಾಕಿಕೊಂಡರೂ ಜಾಗದ ಬಾಡಿಗೆ ಅಷ್ಟೇ ಎಂದರು. ನನಗೆ ಧನಗರನ ಮುಖ ನೆನಪಾಯಿತು. ತಿರುಗಿ ಬಂದು ಲಾಡ್ಜಿನಲ್ಲಿ ಮಲಗಿದೆವು, ಟೆಂಟು ಮಂಚದ ಕೆಳಗೆ, ಹಗ್ಗ ಬಿಗಿದೇ ಇತ್ತು.

ಹೊನ್ನಾವರದಲ್ಲಿ ಶರಾವತಿ ಅಗಲವಾಗಿ ಸಮುದ್ರ ಸೇರುವುದನ್ನು ಸೇತುವೆಯ ಮೇಲಿಂದ ನೋಡಿದೆವು. ಕಾಸರಕೋಡಿನ ಕಡಲತೀರ ನೀಲಿ ಬಾವುಟ ಪಡೆದು ಬಹಳ ಚೊಕ್ಕಟವಾಗಿತ್ತು, ನನ್ನ ದನದ ಹಗ್ಗದ ಗಂಟನ್ನು ಅಲ್ಲಿ ಇಳಿಸಲು ಮನಸ್ಸು ಬರಲಿಲ್ಲ. ಮುರ್ಡೇಶ್ವರದಲ್ಲಿ ಶಿವ, ಜನ, ಪಾರ್ಕಿಂಗ್. ಉಳಿದದ್ದು ಮರವಂತೆ.

ಮರವಂತೆ ಗೊತ್ತಲ್ಲ. ಹೆದ್ದಾರಿಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕೆ, ನಡುವೆ ಲಾರಿ. ಕ್ಯಾಲೆಂಡರಿನಲ್ಲಿ ಕಾಣದ ಒಂದು ಸಂಗತಿ ಎಂದರೆ ಕಡಲ್ಕೊರೆತಕ್ಕೆಂದು ಸುರಿದ ಬಂಡೆಗಳು. ಬಹಳಷ್ಟು ಉದ್ದಕ್ಕೆ ಮರಳಿಗಿಂತ ಕಲ್ಲೇ ಹೆಚ್ಚು. ದೋಣಿಗಳನ್ನು ಎಳೆದಿಟ್ಟ ಒಂದು ಕಡೆ ಮರಳು ಸಿಕ್ಕಿತು. ಮಾವನ ಮನೆ ಅಲ್ಲಿಂದ ಕೂಗಳತೆಯಲ್ಲಿ ಅಲ್ಲದಿದ್ದರೂ ಫೋನಿನ ಅಳತೆಯಲ್ಲಿತ್ತು. ಫೋನು ಮಾಡಬೇಡ, ಒಂದು ರಾತ್ರಿ ಇಲ್ಲಿ ಮಲಗಿ ಬೆಳಿಗ್ಗೆ ಹೋಗೋಣ ಎಂದು ಹೆಂಡತಿಯಿಂದ ಮಾತು ತೆಗೆದುಕೊಂಡೆ. ಅವಳು ಕೂಡಲೇ ಒಪ್ಪಿದ್ದು ಅನುಮಾನ ಹುಟ್ಟಿಸುವಂತಿತ್ತು.

ಹಗ್ಗ ಬಿಚ್ಚಿದೆ, ಎರಡು ಹೆಜ್ಜೆ ಹಿಂದೆ ಸರಿದೆ. ಟೆಂಟು ಎದ್ದಿತು. ಗೂಟ ಮರಳಿನಲ್ಲಿ ನಿಲ್ಲಲಿಲ್ಲ, ಸಂತ್ರಾದ ಪೆಟ್ಟಿಗೆಯನ್ನು ಒಳಗಿಟ್ಟು ಭಾರ ಮಾಡಿದೆ. 'ಇವತ್ತು ತಿಥಿ ಯಾವುದು?' ಎಂದು ಹೆಂಡತಿ ಕೇಳಿದಳು. ನಾಗಪುರದಲ್ಲಿ ತಿಥಿ ಎಂದರೆ ಏಕಾದಶಿಗೆ ಸಾಬುದಾಣೆ ನೆನೆಹಾಕುವ ವಿಷಯ. ಇಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರ ಒಟ್ಟಿಗೆ ಎಳೆಯುವುದರಿಂದ ಉಬ್ಬರ ಹೆಚ್ಚು, ನೀರು ಮಾಮೂಲು ಗೆರೆಗಿಂತ ಮೇಲೆ ಬರುತ್ತದೆ. ಅಂದು ಅಮಾವಾಸ್ಯೆ. ಅವಳು ಹೆಚ್ಚು ಮಾತಾಡದೆ ತನ್ನ ಮತ್ತು ಮಗನ ಚಪ್ಪಲಿಗಳನ್ನು ತೆಗೆದು ಮೇಲಿನ ಕಲ್ಲಿನ ಮೇಲಿಟ್ಟಳು. ನನ್ನ ಚಪ್ಪಲಿ ಮುಟ್ಟಲಿಲ್ಲ.

ನೀರು ಬರುವುದಕ್ಕಿಂತ ಮೊದಲೇ ನೆಂಟರು ಬಂದರು. ಬಲೆ ಒಪ್ಪ ಮಾಡುತ್ತಿದ್ದ ಮೀನುಗಾರರು ಒಮ್ಮೆ ಟೆಂಟು ನೋಡಿದ್ದರು, ಒಮ್ಮೆ ಕಾರಿನ ನಂಬರು ನೋಡಿದ್ದರು. ಎಂಎಚ್ 31. ಆ ಸೀಮೆಯಲ್ಲಿ ನಾಗಪುರದ ಗಾಡಿ ಯಾರದ್ದಿರಲು ಸಾಧ್ಯ? ಸುದ್ದಿ ನಾವುಂದಕ್ಕೆ ಹೋಗಿ, ಅಲ್ಲಿಂದ ನನ್ನ ಭಾವಮೈದ ಬೈಕಿನಲ್ಲಿ ಬರುವುದಕ್ಕೆ ಒಲೆಯ ಮೇಲಿನ ನೀರು ಕುದಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಟಾರ್ಚಿನ ಬೆಳಕು ನನ್ನ ಮುಖಕ್ಕೇ ಬಿತ್ತು.

'ಹ್ವಾಯ್ ಭಾವ, ಎಂತ ಇದ್? ಇಲ್ ಎಂತಕ್ ಮನಿಕಂತ್ರಿ? ಮನಿ ಇಲ್ಯಾ?'

ಇದು ಕ್ಯಾಂಪಿಂಗ್, ಹವ್ಯಾಸ, ಜಗತ್ತಿನಲ್ಲೆಲ್ಲ ಮಾಡುತ್ತಾರೆ ಎಂದೆ. ಅವನು ನನ್ನ ಹಣೆ ಮುಟ್ಟಿ ನೋಡುವವನ ಹಾಗೆ ಹತ್ತಿರ ಬಂದ. ಹಿಂದೆಯೇ ಆಟೊದಲ್ಲಿ ಮಾವ, ಅತ್ತೆ, ಹೆಂಡತಿಯ ಚಿಕ್ಕಮ್ಮ, ಒಂದು ಟಿಫಿನ್ ಕ್ಯಾರಿಯರು. ಮಾವ ಮರಳಿನ ಮೇಲೆ ನಿಂತು, ಏನಾದರೂ ಮಾತು ಬಂತೇ, ಯಾರಿಂದಾದರೂ ತಪ್ಪಾಯಿತೇ ಎಂದು ಬಹಳ ಮೆಲ್ಲಗೆ ವಿಚಾರಿಸಿದರು. ಅತ್ತೆ ನೇರವಾಗಿ ಮಗಳ ಮೇಲೆಯೇ ಹೋದರು. 'ಊರಿನವ್ರ್ ಎಂತ ಹೇಳುದಿಲ್ಲ? ಅಳಿಯನ್ನ ಮನಿಗ್ ಸೇರ್ಸಲಿಲ್ಲ, ಕಡಲ್ ಕರಿಯಂಗ್ ಮನಿಕಂಡಿರ್ ಅಂತ್ರ್.'

ಅತ್ತೆಯ ಕಣ್ಣಲ್ಲಿ ನೀರಿತ್ತು ಎಂಬುದನ್ನು ಇಲ್ಲಿ ಸೇರಿಸಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮಲ್ಲಿ ಮನೆಯಿದ್ದೂ ಹೊರಗೆ ಮಲಗಿದವರು ಯಾರು? ಜೂಜಿನಲ್ಲಿ ಸೋತವರು, ಮಲತಾಯಿಯ ಮಾತಿಗೆ ಕಾಡಿಗೆ ಕಳಿಸಿಕೊಂಡವರು, ಪಾಲು ಸಿಗದೆ ಹೊರಬಿದ್ದ ದಾಯಾದಿಗಳು. ಹಂಚಿನ ಮಾಡು, ಹಾಸಿದ ಚಾಪೆ, ಕುದಿಯುವ ಕೋಳಿ ಸಾರು ಎಲ್ಲ ಇರುವಾಗ ಒಬ್ಬ ಮನುಷ್ಯ ತನ್ನ ಖುಷಿಗೆ ಮರಳಿನಲ್ಲಿ ಹೊರಳುತ್ತಾನೆ ಎಂಬುದನ್ನು ಅವರಿಗೆ ಒಪ್ಪಿಸುವ ಮಾತು ನನ್ನಲ್ಲಿರಲಿಲ್ಲ. ನಾಗಪುರದಿಂದ ಅಷ್ಟು ದೂರ ತಂದ ಕನಸು ಟಿಫಿನ್ ಕ್ಯಾರಿಯರಿನ ಮುಚ್ಚಳ ತೆರೆದ ವಾಸನೆಗೇ ಅರ್ಧ ಕರಗಿತು. ನೀರುದೋಸೆಯನ್ನು ಅಲ್ಲೇ ನಿಂತು ತಿಂದೆವು. ಆಮೇಲೆ ಆಟೊ, ಬೈಕು, ಕಾರು ಮೆರವಣಿಗೆಯಲ್ಲಿ ನಾವುಂದಕ್ಕೆ ಹೋದೆವು. ಟೆಂಟನ್ನು ಮಡಚುವ ಮಾತೇ ಬರಲಿಲ್ಲ. ಭಾವಮೈದ ಮತ್ತು ಇಬ್ಬರು ಮೀನುಗಾರರು ಅದನ್ನು ಎದ್ದು ನಿಂತಂತೆಯೇ ತಲೆಯ ಮೇಲೆ ಹೊತ್ತು ತಂದು ತೆಂಗಿನ ತೋಟದಲ್ಲಿ ಇಳಿಸಿದರು. ನನ್ನ ಚಪ್ಪಲಿ ಮಾತ್ರ ಬೆಳಿಗ್ಗೆ ಹೋಗಿ ನೋಡಿದಾಗ ಅಲ್ಲಿರಲಿಲ್ಲ.

ಮನೀಶ್ ನಗರಕ್ಕೆ ಮರಳುವಾಗ ಹಿಂದಿನ ಸೀಟಿನಲ್ಲಿ ಟೆಂಟಿರಲಿಲ್ಲ. ಧಾರವಾಡದಲ್ಲಿ ಹತ್ತಿದ ಅವ್ವ ಪಕ್ಕದ ಖಾಲಿ ಜಾಗ ನೋಡಿ, 'ನನ್ನ ಡೇರೆ ಎಲ್ಲಿ?' ಎಂದು ಮುಖ ಸಣ್ಣ ಮಾಡಿದಳು.

ಸಂಕ್ರಾಂತಿ ಕಳೆದ ಮೇಲೆ ಭಾವಮೈದನ ಫೋನು ಬಂತು. ತೋಟದಲ್ಲಿದ್ದ ಟೆಂಟನ್ನು ಬೆಂಗಳೂರಿನಿಂದ ಬಂದ ಹುಡುಗರು ನೋಡಿ, ಇಲ್ಲಿ ಮಲಗಬಹುದೇ ಎಂದು ಕೇಳಿದರಂತೆ. ಆಮೇಲೆ ಅವರ ಸ್ನೇಹಿತರು ಬಂದರಂತೆ. ಈಗ ಶನಿವಾರ ಭಾನುವಾರ ಬಿಡುವೇ ಇಲ್ಲವಂತೆ. ರಾತ್ರಿಗೆ ಎಂಟುನೂರು, ಬೆಳಿಗ್ಗೆಯ ನೀರುದೋಸೆ ಸೇರಿಸಿ. ಅತ್ತೆಯೇ ದೋಸೆ ಹೊಯ್ಯುತ್ತಾರಂತೆ, ಆ ಹುಡುಗರ ಬಗ್ಗೆ ಊರಿನವರು ಏನಂದಾರು ಎಂಬ ಚಿಂತೆ ಅವರಿಗಿಲ್ಲವಂತೆ. 'ನಿಮ್ಮ್ ಟೆಂಟ್ ಒಳ್ಳೆ ದುಡೀತ್ ಕಾಣಿ ಭಾವ. ಇನ್ನೆರಡ್ ಕಳ್ಸಿ.'

ಕಳಿಸುತ್ತೇನೆ ಎಂದೆ. ಮೇ ತಿಂಗಳಲ್ಲಿ ಬರುತ್ತೇವೆ, ಆಗ ಒಂದು ರಾತ್ರಿ ಆ ಟೆಂಟನ್ನು ನನಗೆ ಖಾಲಿ ಇಡು, ಬೇಕಾದರೆ ಎಂಟುನೂರು ನಾನೂ ಕೊಡುತ್ತೇನೆ ಎಂದು ಸೇರಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

'ನಿಮ್ಗ್ ಎಂತಕ್ ಭಾವ? ಮನಿ ಇಲ್ಯಾ?'